ಹಿನ್ನೀರಿನಲ್ಲಿ ಕಂಡ ಮೂರು ಗೂನು

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನವರು. ಘಟಪ್ರಭಾ ಹಿನ್ನೀರಿನ ದಂಡೆಗೆ ನಮ್ಮ ಕಬ್ಬಿನ ಹೊಲ ಇದೆ. ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಏಳರ ಸುಮಾರಿಗೆ ಮೋಟರ್ ಚಾಲೂ ಮಾಡಲು ಮಗನ ಜೊತೆ ಹೋಗಿದ್ದೆ. ನೀರು ಕನ್ನಡಿ ಹಂಗ ನಿಂತಿತ್ತು. ಸುಮಾರು ಒಂದೂವರೆ ಫರ್ಲಾಂಗು ದೂರದಲ್ಲಿ ಕಪ್ಪಗೆ ಮೂರು ಗೂನು ಎದ್ದವು. ಒಂದು ಮುಳುಗಿದರೆ ಇನ್ನೊಂದು ಏಳೋದು. ಹಾಗೇ ಮುಂದೆ ಮುಂದೆ ಹೋಯಿತು. ಒಮ್ಮೆ ತಲೆ ಎತ್ತಿತು, ‘ಫುಸ್’ ಅಂತ ಸದ್ದು ಬಂತು. ನೀರಲ್ಲಿ ನಿಂತ ಜಾಲಿ ಕಂಟಿಗಳ ಕಡೆ ಹೋಗಿ ಮಾಯವಾಯಿತು. ಕಡಿಮೆ ಅಂದರೂ 25 ಅಡಿ ಉದ್ದದ ಪ್ರಾಣಿ. ಮೊಬೈಲಿನಲ್ಲಿ ಹಿಡಿದ ವಿಡಿಯೊ ಕಳಿಸಿದ್ದೇನೆ. 12 ವರ್ಷದ ಮಗ ಬರೆದ ಚಿತ್ರವೂ ಇದೆ. ಅವನು ಮಾತ್ರ ‘ಅಪ್ಪಾ, ಅದು ಒಂದಲ್ಲ, ಮೂರು ಅದಾವು’ ಅಂತ ಒಂದೇ ಹಟ. ಊರಲ್ಲಿ ಕೆಲವರು ಮುಳುಗಿದ ಊರಿನ ದೆವ್ವ ಅಂತಾರೆ, ಕೆಲವರು ನಗ್ತಾರೆ. ಶಾಲೆಯಲ್ಲಿ ಹುಡುಗನನ್ನು ಎಲ್ಲರೂ ಕಾಡಿಸ್ತಾರೆ. ಯಾರೂ ಕಾಣದ ಪ್ರಾಣಿ ನಮ್ಮ ನೀರಲ್ಲಿ ಇರೋಕೆ ಸಾಧ್ಯವಾ? ಮಕ್ಕಳನ್ನು ನೀರಿಗೆ ಬಿಡಬಹುದಾ?

ಉತ್ತರ: ಮೊದಲು ನಿಮ್ಮ ಹುಡುಗನಿಗೆ ಒಂದು ಮಾತು ಹೇಳಿಬಿಡಿ. ಅವನು ಕಂಡದ್ದು ಸುಳ್ಳಲ್ಲ. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಹಿನ್ನೀರಿನ ದಂಡೆ ತಿರುಗಿದ್ದೇನೆ. ‘ಏನೋ ಕಂಡೆವು ಸರ್’ ಅಂತ ಬಂದವರು ಎಷ್ಟೋ ಜನ. ಸುಮ್ನೆ ಕಥೆ ಕಟ್ಟಿದವರು ಅವರಲ್ಲಿ ಬಹಳ ಕಡಿಮೆ. ಏನೋ ಒಂದು ಕಂಡಿರುತ್ತದೆ. ಕಂಡದ್ದನ್ನು ಅಳೆಯುವಾಗ ಲೆಕ್ಕ ತಪ್ಪಿರುತ್ತದೆ. ನಿಮ್ಮ ಪತ್ರದಲ್ಲಿ ಉದ್ದವನ್ನು, ದೂರವನ್ನು ಬದಿಗಿಟ್ಟು ಉಳಿದದ್ದನ್ನೆಲ್ಲ ನಾನು ಹಾಗೇ ನಂಬುತ್ತೇನೆ.

ವಿಡಿಯೊ ನೋಡಿದೆ. ಹನ್ನೊಂದು ಸೆಕೆಂಡು. ಬೂದು ನೀರು, ನಡುವೆ ಕಪ್ಪು ಚುಕ್ಕೆಗಳು. ಮೊಬೈಲಿನಲ್ಲಿ ಬೆರಳಿಂದ ದೊಡ್ಡದು ಮಾಡಿದಾಗ ಪ್ರಾಣಿ ಹತ್ತಿರ ಬರೋದಿಲ್ಲ, ಚುಕ್ಕೆ ಮಾತ್ರ ಹರಡಿಕೊಳ್ಳುತ್ತದೆ. ಬೇರೆ ಬೇರೆ ಇದ್ದ ಎರಡು ಚುಕ್ಕೆ ಸೇರಿ ಒಂದು ಗೆರೆ ಆಗುತ್ತದೆ. ಹಾಗಾಗಿ ವಿಡಿಯೊಗಿಂತ ಮಗನ ಚಿತ್ರವೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಅವನು ಮೂರು ಗೂನುಗಳನ್ನು ಒಂದೇ ಅಳತೆಯಲ್ಲಿ ಬರೆದಿಲ್ಲ. ಮುಂದಿನದು ದೊಡ್ಡದು, ಕೊನೆಯದು ಚಿಕ್ಕದು. ಅವುಗಳ ನಡುವೆ ನೀರು ಕಾಣುವ ಹಾಗೆ ಜಾಗ ಬಿಟ್ಟಿದ್ದಾನೆ, ಆ ಜಾಗವೂ ಒಂದೇ ಸಮ ಇಲ್ಲ. ಮುಂದಿನದಕ್ಕೆ ಚಪ್ಪಟೆ ಮುಖ ಬರೆದು, ಮೂತಿಯ ಹತ್ತಿರ ನಾಲ್ಕು ಸಣ್ಣ ಗೆರೆ ಎಳೆದಿದ್ದಾನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮುಳುಗಿದ ಊರಿನ ಮಾತು ಬಂದಿದೆ. ಅಲ್ಲಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ಆ ಮಣ್ಣಲ್ಲೇ ಇದೆ. ಯಾರೂ ಕಾಣದ, ಹಳೆಯ ಕಾಲದ ದೊಡ್ಡ ಪ್ರಾಣಿ ಒಂದು ನೀರಿನಲ್ಲಿ ಉಳಿದಿರಬೇಕಾದರೆ ಮೊದಲು ಆ ನೀರಿಗೆ ವಯಸ್ಸಾಗಿರಬೇಕು, ಅಲ್ವಾ? ಈ ಹಿನ್ನೀರನ್ನು ತಂದು ನಿಲ್ಲಿಸಿದ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ನೀರು ಬಂದು ನಿಂತದ್ದು ಅದಾದ ಎಷ್ಟೋ ವರ್ಷದ ಮೇಲೆ. ಇವತ್ತು ನಿಮ್ಮ ಹೊಲದ ಮುಂದೆ ಸಮುದ್ರದ ಹಾಗೆ ಕಾಣುವ ಜಾಗದಲ್ಲಿ ನಿಮ್ಮ ತಂದೆಯ ಕಾಲದವರು ಜೋಳ ಬಿತ್ತಿದ್ದಾರೆ, ಸೀತನಿ ತಿಂದಿದ್ದಾರೆ. ಹಳೆ ಬಾಗಲಕೋಟೆಯ ದೊಡ್ಡ ಭಾಗವೇ ಮುಳುಗಡೆ ಆಗಿ, ಹೊಸದಾಗಿ ಕಟ್ಟಿದ ನವನಗರಕ್ಕೆ ಬಂತು. ಆ ನೋವು ಗೊತ್ತಿದ್ದವರಿಗೆ ನೀರಿನಲ್ಲಿ ಏನು ಕಂಡರೂ ಹಳೆ ಊರೇ ನೆನಪಾಗುತ್ತದೆ. ಅದಕ್ಕೆ ನಗಬಾರದು. ಆದರೆ ಜೋಳದ ಹೊಲದಲ್ಲಿ 25 ಅಡಿಯ ಪ್ರಾಣಿ ಕಾದು ಕೂತಿರೋದಿಲ್ಲ.

ಇನ್ನೂ ಒಂದು ಮಾತು. ಆಲಮಟ್ಟಿ ಜಲಾಶಯ 519.60 ಮೀಟರ್‌ಗೆ ತುಂಬಿದಾಗ ಹಿನ್ನೀರು ನಿಮ್ಮ ಬದುವಿಗೆ ಬರುತ್ತದೆ. ಬೇಸಿಗೆಗೆ ಅದೇ ನೀರು ಸರಿದು ಹಳೆ ಹೊಳೆಯ ಹಾದಿಗೆ ಹೋಗುತ್ತದೆ. ಬಿಟ್ಟ ಕೆಸರಿನಲ್ಲಿ ಜನ ಮತ್ತೆ ಬೆಳೆ ತೆಗೆಯುತ್ತಾರೆ. ಚಿಕ್ಕಸಂಗಮದ ಗುಡಿ ವರ್ಷಕ್ಕೆ ಕೆಲವು ತಿಂಗಳು ನೀರಲ್ಲಿದ್ದು ಮತ್ತೆ ಹೊರಗೆ ಬರೋದನ್ನು ನೀವೇ ನೋಡಿದ್ದೀರಿ. ಪ್ರತಿ ವರ್ಷ ಬಯಲಾಗುವ ನೀರು ಇದು. ಅಷ್ಟು ದೊಡ್ಡ ಪ್ರಾಣಿ ಇದ್ದರೆ ಯಾವುದಾದರೂ ಒಂದು ಏಪ್ರಿಲ್‌ನಲ್ಲಿ ಕೆಸರಿಗೆ ಸಿಕ್ಕಿಬೀಳಬೇಕಿತ್ತು. ಅದೂ ಒಂದೇ ಪ್ರಾಣಿ ಇದ್ದರೆ ಸಾಲದು. ಗಂಡು, ಹೆಣ್ಣು, ಮರಿ ಅಂತ ಒಂದು ಕುಲವೇ ಇರಬೇಕು. ಅವಕ್ಕೆ ದಿನಾ ಕ್ವಿಂಟಲ್‌ಗಟ್ಟಲೆ ಮೀನು ಬೇಕು. ಹಾಗಿದ್ದರೆ ಅದು ನಮ್ಮ ಅಂಬಿಗರ ಬಲೆಗೆ ಗೊತ್ತಾಗದೆ ಇರುತ್ತಿತ್ತಾ?

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಹೆಸರು ನೀವು ಕೇಳಿರಬಹುದು. ಸುಮಾರು 37 ಕಿಲೋಮೀಟರ್ ಉದ್ದ, 220 ಮೀಟರಿಗೂ ಜಾಸ್ತಿ ಆಳ. ನೀರು ಚಹಾದ ಬಣ್ಣ, ಕೆಳಗೆ ಏನೂ ಕಾಣೋದಿಲ್ಲ. 1933ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ‘ವಿಚಿತ್ರ ಪ್ರಾಣಿ ಕಂಡಿತು’ ಅಂತ ಸುದ್ದಿ ಬಂತು. ಅಲ್ಲಿಂದ ಇವತ್ತಿನವರೆಗೆ ಜನ ಹುಡುಕುತ್ತಲೇ ಇದ್ದಾರೆ. 1934ರಲ್ಲಿ ಒಂದು ಫೋಟೊ ಅಚ್ಚಾಯಿತು. ಉದ್ದ ಕುತ್ತಿಗೆ, ಸಣ್ಣ ತಲೆ. ಅರವತ್ತು ವರ್ಷ ಜಗತ್ತು ಅದನ್ನೇ ನೋಡಿತು. ಕಡೆಗೆ 1994ರಲ್ಲಿ ನಿಜ ಹೊರಗೆ ಬಂತು. ಅದು ಆಟಿಕೆ ಜಲಾಂತರ್ಗಾಮಿಯ ಮೇಲೆ ಕುತ್ತಿಗೆ, ತಲೆ ಮಾಡಿ ಕೂರಿಸಿದ್ದು. 1987ರಲ್ಲಿ 24 ದೋಣಿಗಳು ಸಾಲಾಗಿ ನಿಂತು ಸೋನಾರ್, ಅಂದರೆ ನೀರೊಳಗೆ ಸದ್ದು ಬಿಟ್ಟು ಅದರ ಮರುದನಿಯಿಂದ ಹುಡುಕುವ ಯಂತ್ರ, ಬಿಟ್ಟು ಸರೋವರ ಜಾಲಾಡಿದವು. ಜನ ‘ನೆಸ್ಸಿ’ ಅಂತ ಹೆಸರಿಟ್ಟ ಆ ಪ್ರಾಣಿ ಸಿಗಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು 2018ರ ಕೆಲಸ. ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ಅವರ ತಂಡ ಆ ಸರೋವರದಲ್ಲಿ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ ಸುಮಾರು 250 ಮಾದರಿ ನೀರು ತೆಗೆಯಿತು. ನೀರಲ್ಲಿ ಬದುಕುವ ಯಾವ ಪ್ರಾಣಿಯೂ ತನ್ನ ಗುರುತು ಬಿಡದೆ ಇರಲಾರದು. ಚರ್ಮದ ಪುಡಿ, ಲೋಳೆ, ಹಿಕ್ಕೆ, ಇವೆಲ್ಲ ನೀರಿಗೆ ಸೇರುತ್ತವೆ. ಅದರಲ್ಲಿರುವ ಡಿಎನ್‌ಎ ಓದಿದರೆ ಯಾರು ಯಾರು ಇದ್ದಾರೆ ಅಂತ ಗೊತ್ತಾಗುತ್ತದೆ. ಮನೆಗೆ ಬಂದವರನ್ನು ಅಂಗಳದ ಹೆಜ್ಜೆಯಿಂದ ಗುರುತು ಹಿಡಿದ ಹಾಗೆ. 2019ರಲ್ಲಿ ಫಲಿತಾಂಶ ಬಂತು. ಸರೀಸೃಪದ ಡಿಎನ್‌ಎ ಒಂದು ಚೂರೂ ಇರಲಿಲ್ಲ. ಹಾವಿನ ಹಾಗಿರುವ ಈಲ್ ಮೀನಿನದು ಮಾತ್ರ ಹೆಚ್ಚು ಕಡಿಮೆ ಎಲ್ಲಾ ಕಡೆ ಇತ್ತು. ಇನ್ನೊಂದು ವಿಷಯ, ಹತ್ತು ಸಾವಿರ ವರ್ಷದ ಹಿಂದಿನ ತನಕ ಆ ಸರೋವರ ಹಿಮದ ಗಡ್ಡೆಯ ಕೆಳಗಿತ್ತು. ಜನ ಹೇಳುವ ಉದ್ದ ಕುತ್ತಿಗೆಯ ಪ್ಲೀಸಿಯೊಸಾರ್ ಎಂಬ ಸಮುದ್ರದ ಸರೀಸೃಪ 6.6 ಕೋಟಿ ವರ್ಷದ ಹಿಂದೆಯೇ ಅಳಿದುಹೋಗಿತ್ತು.

ಹಾಗಾದರೆ ಅಲ್ಲಿನ ಜನರೆಲ್ಲ ಸುಳ್ಳು ಹೇಳಿದರಾ? ಇಲ್ಲ. 2003ರಲ್ಲಿ ಬಿಬಿಸಿಯವರು ಅಲ್ಲಿ ಒಂದು ಪರೀಕ್ಷೆ ಮಾಡಿದರು. ನೀರಿನೊಳಗೆ ಬೇಲಿಯ ಕಂಬ ಮುಚ್ಚಿಟ್ಟು, ಬಸ್ಸಿನಲ್ಲಿ ಬಂದ ಪ್ರವಾಸಿಗರ ಎದುರಿಗೆ ಮೇಲೆ ಎತ್ತಿದರು. ಆಮೇಲೆ ‘ಏನು ಕಂಡಿರಿ, ಬರೆದು ತೋರಿಸಿ’ ಅಂದರು. ಹೆಚ್ಚಿನವರು ಚೌಕಾಕಾರದ ವಸ್ತು ಅಂದರು. ಆದರೆ ಕೆಲವರು ಬರೆದ ಚಿತ್ರದಲ್ಲಿ ಪ್ರಾಣಿಯ ತಲೆ ಬಂದಿತ್ತು. ಅವರು ಕಂಡದ್ದು ಕಂಬ. ಮನಸ್ಸು ಮೊದಲೇ ನೆಸ್ಸಿಯನ್ನು ಕಾಯುತ್ತಿತ್ತು. ನಮ್ಮ ಮನಸ್ಸೂ ಹಾಗೇ. ಐಹೊಳೆ, ಪಟ್ಟದಕಲ್ಲಿನ ಗುಡಿಗಳಲ್ಲಿ ಮಕರವನ್ನು ನೋಡಿ. ಮೊಸಳೆಯ ಬಾಯಿ, ಆನೆಯ ಸೊಂಡಿಲಿನ ಹಾಗೆ ಮೇಲೆ ಸುತ್ತಿದ ಮೂತಿ, ಹಿಂದೆ ಬಳ್ಳಿಯಾಗಿ ಹರಡಿದ ಬಾಲ. ಕಲ್ಲು ಕಡಿದವರ ಕೈಚಳಕಕ್ಕೆ ಎರಡು ಮಾತಿಲ್ಲ. ಮಲಪ್ರಭೆಯ ದಂಡೆಯ ಜನ ನೀರನ್ನು ಎಷ್ಟು ಹೆದರಿಕೆಯಿಂದ, ಎಷ್ಟು ಭಕ್ತಿಯಿಂದ ನೋಡಿದ್ದರು ಅನ್ನೋದು ಅದರಲ್ಲಿ ಕಾಣುತ್ತದೆ.

ಈಗ ಅಳತೆಗೆ ಬರೋಣ. ನೆಲದ ಮೇಲೆ ದೂರದಲ್ಲಿ ಎಮ್ಮೆ ನಿಂತರೆ ಪಕ್ಕದಲ್ಲಿ ಗಿಡ ಇರುತ್ತದೆ, ಬೇಲಿ ಇರುತ್ತದೆ, ಮನುಷ್ಯ ಇರುತ್ತಾನೆ. ಕಣ್ಣು ತಾನಾಗಿಯೇ ಲೆಕ್ಕ ಹಾಕುತ್ತದೆ. ಬಯಲು ನೀರಿನಲ್ಲಿ ಅಂಥದ್ದು ಏನೂ ಇಲ್ಲ. ನೂರು ಮೀಟರ್ ದೂರದ ಒಂದು ಮೀಟರಿನ ವಸ್ತು, ಐನೂರು ಮೀಟರ್ ದೂರದ ಐದು ಮೀಟರಿನ ವಸ್ತು, ಎರಡೂ ಕಣ್ಣಿಗೆ ಒಂದೇ. ದೂರ ತಪ್ಪಿದರೆ ಉದ್ದವೂ ಅಷ್ಟೇ ಪಟ್ಟು ತಪ್ಪುತ್ತದೆ. ನೀವು ಒಂದೂವರೆ ಫರ್ಲಾಂಗು, ಅಂದರೆ 300 ಮೀಟರ್ ಅಂತ ಬರೆದಿದ್ದೀರಿ. ಆದರೆ ‘ಫುಸ್’ ಸದ್ದು ಕೇಳಿತು ಅಂತಲೂ ಬರೆದಿದ್ದೀರಿ. ಚಳಿಗಾಲದ ಬೆಳಿಗ್ಗೆ, ಗಾಳಿ ಇಲ್ಲದ ನೀರಿನ ಮೇಲೆ ಸದ್ದು ಚೆನ್ನಾಗಿ ಹರಿದು ಬರುತ್ತದೆ, ನಿಜ. ಆದರೂ ಒಂದು ಉಸಿರಿನ ಸದ್ದು 300 ಮೀಟರ್ ಬರೋದು ಕಷ್ಟ. ಅದು ನಿಮ್ಮ ಅಂದಾಜಿಗಿಂತ ತುಂಬಾ ಹತ್ತಿರ ಇತ್ತು. ಅರ್ಧ ದೂರ ಅಂದುಕೊಳ್ಳಿ, 150 ಮೀಟರ್. ಆಗ ನಿಮ್ಮ 25 ಅಡಿ ಹನ್ನೆರಡೂವರೆ ಅಡಿ ಆಯಿತು. ಈ ಹನ್ನೆರಡೂವರೆಯನ್ನು ನೆನಪಿಡಿ.

ಇನ್ನು ಗೂನು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ‘ಒಂದು ಮುಳುಗಿದರೆ ಇನ್ನೊಂದು ಏಳೋದು’ ಅನ್ನೋದು.

ಹಾವು ಈಜುವಾಗ ಮೈಯನ್ನು ಹೇಗೆ ಆಡಿಸುತ್ತದೆ? ಎಡಕ್ಕೆ, ಬಲಕ್ಕೆ. ಕಾಲುವೆಯಲ್ಲಿ ನೀರೊಳ್ಳೆ ಹಾವು ಹೋಗೋದನ್ನು ನೋಡಿದ್ದೀರಲ್ಲ, ಹಾಗೆ. ಮೀನು ಹಾಗೇ, ಉಡ ಹಾಗೇ, ಮೊಸಳೆಯ ಬಾಲವೂ ಹಾಗೇ. ಅವುಗಳ ಬೆನ್ನುಮೂಳೆ ಅಕ್ಕಪಕ್ಕಕ್ಕೆ ಬಾಗಲು ಆಗಿ ಬಂದದ್ದು. ಮೇಲೆ ಕೆಳಗೆ ಬಾಗಿ, ನೀರಿನ ಮೇಲೆ ಕಮಾನು ಕಮಾನಾಗಿ ಏಳಲು ಯಾವ ಹಾವಿನ ಕೈಯಲ್ಲೂ ಆಗೋದಿಲ್ಲ, ಹೆಬ್ಬಾವಿನ ಕೈಯಲ್ಲೂ ಇಲ್ಲ. ಚಿತ್ರಗಳಲ್ಲಿ ಬರುವ ನೀರಿನ ಸರ್ಪಕ್ಕೆ ಯಾವಾಗಲೂ ಗೂನು ಇರುತ್ತದೆ. ಅದೇ ಅದರ ತಪ್ಪು. ಬೆನ್ನು ಮೇಲೆ ಕೆಳಗೆ ಆಡಿಸಿ ಈಜೋದು ಹಾಲು ಕುಡಿಸುವ ಪ್ರಾಣಿಗಳು, ಡಾಲ್ಫಿನ್‌ನಂಥವು. ಹಾಗಾಗಿ ನೀರಲ್ಲಿ ಗೂನು ಏಳುತ್ತಾ ಬೀಳುತ್ತಾ ಹೋಯಿತು ಅಂದರೆ ನನಗೆ ಮೂರೇ ದಾರಿ ಕಾಣುತ್ತದೆ. ಅದು ಅಲೆ ಆಗಿರಬೇಕು. ಇಲ್ಲಾ ಸಾಲಾಗಿ ಹೊರಟ ಬೇರೆ ಬೇರೆ ಜೀವಗಳಾಗಿರಬೇಕು. ಇಲ್ಲಾ ಬೆನ್ನು ಮೇಲೆ ಕೆಳಗೆ ಬಾಗಿಸುವ ಸಸ್ತನಿ ಆಗಿರಬೇಕು.

ಅಲೆಯನ್ನು ಹಗುರವಾಗಿ ತಗೋಬೇಡಿ. ನಿಂತ ನೀರಿನಲ್ಲಿ ಮೋಟರ್ ದೋಣಿ ಹೋದ ಮೇಲೆ ಅದರ ಅಲೆಗಳು ಸಾಲಾಗಿ ಬಹಳ ದೂರ ಬರುತ್ತವೆ. ಎರಡು ಮೀಟರ್ ಉದ್ದದ ಅಲೆಗಳ ಗುಂಪು ಒಂದು ಕಿಲೋಮೀಟರ್ ದಾಟಲು ಸುಮಾರು 20 ನಿಮಿಷ ಬೇಕು. ಅಷ್ಟು ಹೊತ್ತಿಗೆ ದೋಣಿ ಕಣ್ಣಿಗೇ ಇರೋದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಅಲೆಯ ನೆರಳಿನ ಮಗ್ಗುಲು ಕಪ್ಪಗೆ, ಎಣ್ಣೆ ಸವರಿದ ಬೆನ್ನಿನ ಹಾಗೆ ಹೊಳೆಯುತ್ತದೆ. ಆದರೆ ಅಲೆಗೆ ತಲೆ ಇಲ್ಲ, ‘ಫುಸ್’ ಅನ್ನೋದಿಲ್ಲ. ನಿಮ್ಮ ವಿಷಯದಲ್ಲಿ ಅದನ್ನು ಬಿಡಬಹುದು.

ಬಿಸಿಲ್ಗುದುರೆಯ ಮಾತನ್ನೂ ಕೆಲವರು ಎತ್ತುತ್ತಾರೆ. ತಣ್ಣನೆಯ ಸರೋವರದ ಮೇಲೆ ಬೆಚ್ಚಗಿನ ಗಾಳಿ ನಿಂತರೆ ಸಣ್ಣ ಕೊರಡು ಕೂಡ ಉದ್ದಕ್ಕೆ ಎದ್ದು ನಿಂತ ಹಾಗೆ ಕಾಣುತ್ತದೆ. ಇದರ ಬಗ್ಗೆ 1979ರಲ್ಲಿಯೇ ಲೆಹ್ನ್ ಎಂಬ ಸಂಶೋಧಕರು ವಿವರವಾಗಿ ಬರೆದಿದ್ದಾರೆ. ಆದರೆ ನಮ್ಮ ಜನವರಿಯ ಬೆಳಿಗ್ಗೆ ಲೆಕ್ಕ ಉಲ್ಟಾ. ಗಾಳಿ ತಣ್ಣಗೆ, ನೀರು ಬೆಚ್ಚಗೆ, ಅದಕ್ಕೇ ನೀರಿನ ಮೇಲೆ ಹೊಗೆಯ ಹಾಗೆ ಮಂಜು ಏಳೋದು. ಆಗ ದೂರದ ವಸ್ತು ನೀರು ಬಿಟ್ಟು ಮೇಲೆ ತೇಲಿದ ಹಾಗೆ ಕಾಣಬಹುದು, ಅಷ್ಟೇ. ಎದ್ದು ಬಿದ್ದು ನಡೆಯೋದಿಲ್ಲ.

ಹಕ್ಕಿ ಇರಬಹುದಾ? ಇದು ನಾನೇ ಒಮ್ಮೆ ಮೋಸ ಹೋದ ವಿಷಯ. ಹೆರಕಲ್ ಕಡೆ ಒಂದು ಡಿಸೆಂಬರ್ ಬೆಳಿಗ್ಗೆ ವಿದ್ಯಾರ್ಥಿಗಳ ಜೊತೆ ನಿಂತಿದ್ದೆ. ನೀರಿನಿಂದ ಒಂದು ಹಾವು ನೆಟ್ಟಗೆ ಎದ್ದಿತು. ಒಂದೂವರೆ ಅಡಿ ಹೊರಗೆ, ತೆಳ್ಳಗೆ, ಆ ಕಡೆ ಈ ಕಡೆ ತಿರುಗಿ ನೋಡಿತು. ಮೈ ಕಾಣಲೇ ಇಲ್ಲ. ಹುಡುಗರಿಗೆ ನಾನೇ ‘ಹಾವು’ ಅಂದೆ. ಮುಳುಗಿತು, ಇಪ್ಪತ್ತು ಹೆಜ್ಜೆ ಆಚೆ ಎದ್ದಿತು, ಈ ಸಲ ಕೊಕ್ಕಿನಲ್ಲಿ ಬೆಳ್ಳಗೆ ಮೀನು ಚುಚ್ಚಿಕೊಂಡಿತ್ತು. ಮೀನನ್ನು ಮೇಲಕ್ಕೆ ಎಸೆದು, ತಲೆಯ ಕಡೆಯಿಂದ ಹಿಡಿದು ನುಂಗಿತು. ಹಾವಕ್ಕಿ ಅದು. ಮೈಯೆಲ್ಲ ನೀರೊಳಗೆ ಇಟ್ಟು ಕುತ್ತಿಗೆ ಮಾತ್ರ ಹೊರಗೆ ಹಾಕಿ ಈಜುವ ಹಕ್ಕಿ. ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಆದರೂ ಮೊದಲು ಬಾಯಿಗೆ ಬಂದದ್ದು ಹಾವು. ಆವತ್ತಿನಿಂದ ಯಾರಾದರೂ ‘ಉದ್ದ ಕುತ್ತಿಗೆ’ ಅಂದರೆ ನಾನು ಮೊದಲು ಹಾವಕ್ಕಿಯನ್ನು ಕೇಳುತ್ತೇನೆ, ಸಾಲಾಗಿ ಕಪ್ಪು ಚುಕ್ಕೆ ಅಂದರೆ ನೀರು ಕಾಗೆಯನ್ನು. ನೀವು ಕಂಡದ್ದಕ್ಕೆ ದಪ್ಪ ಬೆನ್ನು, ಚಪ್ಪಟೆ ಮುಖ ಇತ್ತು. ಹಕ್ಕಿ ಅಲ್ಲ.

ಮೀನಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ದೊಡ್ಡ ಬಾಳೆ ಮೀನು ಮನುಷ್ಯನ ಎತ್ತರ ಬೆಳೆಯಬಲ್ಲದು. ಕಟ್ಲಾ ಮೀನುಗಳು ಮೇಲುನೀರಲ್ಲಿ ಮೇಯುವಾಗ ಬೆನ್ನು ತೋರಿಸುತ್ತವೆ. ಆದರೆ ಅವು ತಲೆ ಎತ್ತಿ ಉಸಿರು ಬಿಡೋದಿಲ್ಲ. ಒಂದು ವಿಷಯ ಮಾತ್ರ ಗಮನಕ್ಕೆ ಇರಲಿ. ನಿಜವಾಗಿ ಹೊಸ ಪ್ರಾಣಿ ಕೆರೆಯಲ್ಲಿ ಸಿಗೋದು ಈಗ ಬೇರೆ ರೀತಿ. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಜೊಂಡು ತೆಗೆಯುವಾಗ ಮೊಸಳೆ ಮೂತಿಯ ಮೀನೊಂದು ಸಿಕ್ಕಿತು. ಅಲಿಗೇಟರ್ ಗಾರ್ ಅಂತ, ಉತ್ತರ ಅಮೆರಿಕದ್ದು. ಯಾರೋ ಸಾಕಿ, ದೊಡ್ಡದಾದ ಮೇಲೆ ತಂದು ಬಿಟ್ಟಿರಬೇಕು. ಮೈಮೇಲೆ ಗಟ್ಟಿ ಚಿಪ್ಪಿನ ಸಕ್ಕರ್ ಮೀನು ನಮ್ಮ ದಕ್ಷಿಣದ ಎಷ್ಟೋ ಕೆರೆಗಳಿಗೆ ಹೀಗೇ ಬಂದು ಬಲೆ ಹರಿಯುತ್ತಿದೆ. ದಯವಿಟ್ಟು ಗಾಜಿನ ತೊಟ್ಟಿಯ ಮೀನನ್ನು ‘ಪಾಪ, ಬದುಕಲಿ’ ಅಂತ ಹೊಳೆಗೆ ಬಿಡಬೇಡಿ. ನಮ್ಮ ಮೀನುಗಳಿಗೆ ಅದೇ ದೊಡ್ಡ ದೆವ್ವ.

ಮೊಸಳೆಯನ್ನು ಮಾತ್ರ ಹೀಗೆ ದಾಟಿ ಹೋಗುವ ಹಾಗಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರರಲ್ಲೂ ಮೊಸಳೆ ಇದೆ. ದೊಡ್ಡ ಗಂಡು ಹತ್ತು ಹನ್ನೆರಡು ಅಡಿ ಇರುತ್ತದೆ, ಹದಿಮೂರು ದಾಟುವುದು ಅಪರೂಪ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಮಾಡಿನ ಮೇಲೆ ಮೊಸಳೆ ಮಲಗಿದ್ದನ್ನು ಇಡೀ ದೇಶ ನೋಡಿತು. ನಿಮ್ಮ ಹನ್ನೆರಡೂವರೆ ಅಡಿಗೆ ಅದು ಹೊಂದುತ್ತದೆ ಅಂತ ನಿಮಗೂ ಅನ್ನಿಸಿರಬಹುದು. ಆದರೆ ಮೊಸಳೆ ಈಜುವ ರೀತಿಯೇ ಬೇರೆ. ಮೂಗಿನ ತುದಿ ಒಂದು ಚುಕ್ಕೆ, ಕಣ್ಣು ಒಂದು ಚುಕ್ಕೆ, ಹಿಂದೆ ಬೆನ್ನಿನ ಗರಗಸ. ಕೊರಡಿನ ಹಾಗೆ ತಣ್ಣಗೆ, ನೆಟ್ಟಗೆ ಹೋಗುತ್ತದೆ. ಮುಳುಗುವಾಗ ಸದ್ದಿಲ್ಲದೆ ಇಳಿದುಬಿಡುತ್ತದೆ. ಎದ್ದು ಬಿದ್ದು ಆಡುತ್ತಾ ಹೋಗೋದಿಲ್ಲ. ಅದೂ ಜನವರಿಯ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಅದರ ಮೈ ಇನ್ನೂ ಬೆಚ್ಚಗಾಗಿರೋದಿಲ್ಲ, ಬಿಸಿಲೇರಿದ ಮೇಲೆ ದಂಡೆಗೆ ಬಂದು ಬಾಯಿ ತೆರೆದು ಮಲಗುತ್ತದೆ.

ಹಾಗಾದರೆ ಉಳಿದದ್ದು ಯಾರು? ಮಗನ ಚಿತ್ರದ ಮೂತಿಯ ಹತ್ತಿರದ ನಾಲ್ಕು ಗೆರೆಗೆ ಈಗ ಬನ್ನಿ. ಅದು ಮೀಸೆ.

ನನ್ನ ಪ್ರಕಾರ ನೀವು ಕಂಡದ್ದು ನೀರುನಾಯಿಗಳ ಸಂಸಾರ. ನೂರಕ್ಕೆ ತೊಂಬತ್ತರಷ್ಟು ಧೈರ್ಯದಿಂದ ಹೇಳುತ್ತೇನೆ. ನುಣುಪು ತುಪ್ಪಳದ ನೀರುನಾಯಿ ಕೃಷ್ಣಾ ಕೊಳ್ಳದ ಪ್ರಾಣಿ. ತುಂಗಭದ್ರೆಯಲ್ಲಿ ಎಷ್ಟಿವೆ ಅಂದರೆ, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಹೊಳೆಯ 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ಅವಕ್ಕೇ ಅಂತ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮೂತಿಯಿಂದ ಬಾಲದ ತುದಿಯ ತನಕ ಒಂದೊಂದೂ ಮೂರೂವರೆ ಅಡಿ ಆಸುಪಾಸು. ಒಂದರ ಹಿಂದೆ ಒಂದು ಮೂರು ಹೊರಟರೆ ಹತ್ತೂವರೆ ಅಡಿ, ನಡುವಿನ ಜಾಗ ಸೇರಿಸಿದರೆ ಹನ್ನೆರಡು ಹದಿಮೂರು. ನಾನು ನೆನಪಿಡಿ ಅಂದ ಹನ್ನೆರಡೂವರೆ ಇದೇ. ಕೊನೆಯ ಗೂನು ಚಿಕ್ಕದಾಗಿದ್ದು ಮರಿಯದ್ದಿರಬೇಕು. ‘ಅಪ್ಪಾ, ಅದು ಒಂದಲ್ಲ’ ಅಂದ ಹುಡುಗ ಸರಿಯಾಗಿಯೇ ನೋಡಿದ್ದಾನೆ. ದೊಡ್ಡವರಾದ ನಾವು ಚುಕ್ಕೆಗಳನ್ನು ತಲೆಯಲ್ಲಿಯೇ ಸೇರಿಸಿ ಗೆರೆ ಎಳೆದುಬಿಡುತ್ತೇವೆ. ಅವನು ಎಳೆದಿಲ್ಲ.

ತುಂಗಭದ್ರೆಯ ದಂಡೆಯ ಕಂಪ್ಲಿ ಕಡೆ ಹರಗೋಲಿನಲ್ಲಿ ಕೂತು ನಾನು ಇವನ್ನು ಹತ್ತಿರದಿಂದ ನೋಡಿದ್ದೇನೆ. ದೂರದಲ್ಲಿದ್ದಾಗ ನನಗೂ ಒಂದೇ ಉದ್ದನೆಯ ಪ್ರಾಣಿ ಕಂಡಿತ್ತು. ತಲೆ ಮುಳುಗಿತು, ಬೆನ್ನು ಕಮಾನಾಯಿತು, ದಪ್ಪ ಬಾಲ ಚಾಟಿಯ ಹಾಗೆ ಮೇಲೆದ್ದು ಇಳಿಯಿತು. ಅಷ್ಟರಲ್ಲಿ ಹಿಂದಿನದರ ತಲೆ ಎದ್ದಿತು. ಅಂಬಿಗ ಹುಟ್ಟು ನಿಲ್ಲಿಸಿ ಕೈ ಸನ್ನೆ ಮಾಡಿದ. ಹರಗೋಲು ಮೆಲ್ಲಗೆ ತಿರುಗುತ್ತಾ ಹೋಯಿತು. ಹತ್ತು ಮಾರು ದೂರದಲ್ಲಿ ಐದು ತಲೆ ಒಟ್ಟಿಗೆ ಎದ್ದು ನಮ್ಮನ್ನೇ ನೋಡಿದವು. ಅಗಲ ಮುಖ, ಗುಂಡಿಯ ಹಾಗೆ ಕಿವಿ, ಮೀಸೆಯ ಒಂದೊಂದು ಕೂದಲಿನ ತುದಿಯಲ್ಲೂ ನೀರಿನ ಹನಿ. ‘ಫುಸ್’ ಅಂತ ಮೂಗಿಂದ ಉಸಿರು ಬಿಟ್ಟವು. ಒಂದು ಬಂಡೆಗೆ ಹತ್ತಿ ಎರಡೂ ಕೈಯಲ್ಲಿ ಮೀನು ಹಿಡಿದು ತಲೆಯಿಂದ ತಿನ್ನಲು ಶುರು ಮಾಡಿತು. ಮೂಳೆ ಕರಕರ ಅನ್ನೋದು ನಮಗೆ ಕೇಳುತ್ತಿತ್ತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಇಂಥ ಪ್ರಾಣಿ ನಿಮ್ಮ ಹೊಲದ ಮುಂದೆ ಸಂಸಾರ ಮಾಡಿಕೊಂಡಿದ್ದರೆ, ನೆಸ್ಸಿ ಸಿಕ್ಕಿದ್ದಕ್ಕಿಂತ ನನಗೆ ಸಂತೋಷ. ಮೀನು, ಏಡಿ ಸಾಕಷ್ಟು ಇರುವ ನೀರು, ಅಡಗಲು ಕಂಟಿ, ಜೊಂಡು, ಇವು ಇದ್ದಲ್ಲಿ ಮಾತ್ರ ಅದು ನಿಲ್ಲುತ್ತದೆ.

ಮಕ್ಕಳ ಮಾತಿಗೆ ಬರುತ್ತೇನೆ. ನೀರುನಾಯಿ ತಾನಾಗಿ ಮನುಷ್ಯರ ಮೇಲೆ ಬರೋದು ತೀರಾ ಅಪರೂಪ, ಮರಿ ಇದ್ದಾಗ ಹತ್ತಿರ ಹೋಗಬಾರದು ಅಷ್ಟೇ. ಆದರೂ ಮಕ್ಕಳನ್ನು ಹಿನ್ನೀರಿಗೆ ಬಿಡಬೇಡಿ. ಕಾರಣ ಮೊಸಳೆ, ಅದಕ್ಕಿಂತ ಜಾಸ್ತಿ ಕೆಸರು. ಹಳೆ ಬಾವಿ, ಹಳೆ ಗೋಡೆ, ಕಂಟಿ ಎಲ್ಲಾ ಆ ನೀರಿನ ಕೆಳಗೇ ಇವೆ, ಕಾಲು ಸಿಕ್ಕಿದರೆ ಈಜು ಬಂದರೂ ಉಪಯೋಗವಿಲ್ಲ. ನಸುಕಿನಲ್ಲಿ, ಕತ್ತಲಾದ ಮೇಲೆ ನೀರಿನ ಅಂಚಿಗೆ ಕೂತು ಪಾತ್ರೆ, ಬಟ್ಟೆ ತೊಳೆಯೋದು ಬೇಡ. ದಿನಾ ಒಂದೇ ಜಾಗಕ್ಕೆ ಎಮ್ಮೆ ಇಳಿಸಬೇಡಿ. ಮೀನಿನ ಕಸ ದಂಡೆಗೆ ಎಸೆಯಬೇಡಿ. ಬೇಸಿಗೆಯಲ್ಲಿ ಹೆಣ್ಣು ಮೊಸಳೆ ಮರಳಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಕಾಯುತ್ತದೆ, ಆಗ ದಂಡೆಯ ಮರಳು ದಿಬ್ಬಗಳಿಂದ ದೂರ ಇರಿ. ಮೊಸಳೆ ಕಂಡರೆ ಕಲ್ಲು ಹೊಡೆಯದೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ. ಮೊಸಳೆ, ನೀರುನಾಯಿ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನೀರುನಾಯಿ ಬಲೆ ಹರಿದು ಮೀನು ಎತ್ತುತ್ತದೆ, ಅಂಬಿಗರಿಗೆ ಸಿಟ್ಟು ಬರೋದು ಸಹಜ, ಅವರ ನಷ್ಟ ಸಣ್ಣದಲ್ಲ. ಅದಕ್ಕೇ ‘ದೆವ್ವ ಕಂಡ ಜಾಗ’ ಅಂತ ಜಾಗದ ಗುರುತು ಸಮೇತ ವಿಡಿಯೊವನ್ನು ವಾಟ್ಸ್ಆ್ಯಪ್‌ನಲ್ಲಿ ಹರಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ನೋಡಲು ನೂರು ಜನ ಬರುತ್ತಾರೆ, ಅದರಲ್ಲಿ ಒಬ್ಬ ಉರುಳು ತರುತ್ತಾನೆ.

ನನ್ನ ಮಾತನ್ನು ಸುಮ್ನೆ ನಂಬಬೇಕಿಲ್ಲ. ನೀವೇ ಪರೀಕ್ಷೆ ಮಾಡಬಹುದು. ಹೊತ್ತು ಏರಿದ ಮೇಲೆ ಇಬ್ಬರು ದೊಡ್ಡವರು ಸೇರಿ, ಹುಡುಗನನ್ನು ನಡುವೆ ಇಟ್ಟುಕೊಂಡು, ನೀರಿನ ಅಂಚಿನಿಂದ ದೂರದಲ್ಲಿ ಆ ಜಾಲಿ ಕಂಟಿಗಳ ಕಡೆಯ ದಂಡೆ ನೋಡಿ. ಮೊದಲು ದೂರದಿಂದ ಚೆನ್ನಾಗಿ ನೋಡಿ, ಮೊಸಳೆ ಮಲಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕೆಸರಿನಲ್ಲಿ ಹೊಟ್ಟೆ ಎಳೆದ ಅಗಲ ಜಾಡು, ನಡುವೆ ಬಾಲದ ಗೆರೆ, ಎರಡೂ ಕಡೆ ಹೆಜ್ಜೆ ಇದ್ದರೆ ಮೊಸಳೆ, ಅಲ್ಲಿಂದಲೇ ತಿರುಗಿ ಬನ್ನಿ. ಐದು ಬೆರಳಿನ ಪಂಜ, ಬೆರಳುಗಳ ನಡುವೆ ಚರ್ಮ ಒತ್ತಿದ ಗುರುತು ಇದ್ದರೆ ನೀರುನಾಯಿ. ಎತ್ತರದ ಕಲ್ಲುಗಳ ಮೇಲೆ ಹುಡುಕಿ. ಅವು ಒಂದೇ ಕಲ್ಲಿಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತವೆ. ಹಸಿ ಇದ್ದರೆ ಕಪ್ಪಗೆ ಅಂಟು, ಒಣಗಿದರೆ ಬೂದಿಯ ಹಾಗೆ ಪುಡಿ. ಒಳಗೆ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪು. ಮೀನಿನ ಗಬ್ಬು ನಾತ ಹತ್ತು ಹೆಜ್ಜೆಗೇ ಹೊಡೆಯುತ್ತದೆ.

ಮತ್ತೆ ನೀರಲ್ಲಿ ಏನಾದರೂ ಕಂಡರೆ ಮೊದಲು ಕೈ ನೀಳವಾಗಿ ಚಾಚಿ ಹೆಬ್ಬೆರಳು ಅಡ್ಡ ಹಿಡಿಯಿರಿ. ನೂರು ಮೀಟರ್ ದೂರದಲ್ಲಿ ಹೆಬ್ಬೆರಳಿನ ಅಗಲ ಸುಮಾರು ಮೂರೂವರೆ ಮೀಟರ್ ಮುಚ್ಚುತ್ತದೆ. ಅದು ಯಾವ ಕಂಟಿಯ ಪಕ್ಕ ಹಾದುಹೋಯಿತು ಅಂತ ಗುರುತು ಮಾಡಿಕೊಂಡರೆ, ನೀರು ಇಳಿದ ಮೇಲೆ ಅಲ್ಲಿಯ ತನಕ ಹೆಜ್ಜೆ ಹಾಕಿ ಅಳೆಯಬಹುದು. ಆಮೇಲೆ ಇಬ್ಬರೂ ಮಾತಾಡದೆ ಬೇರೆ ಬೇರೆ ಕೂತು ಚಿತ್ರ ಬರೆಯಿರಿ, ಆಮೇಲೆ ಹೋಲಿಸಿ. ವಿಡಿಯೊ ತೆಗೆಯುವಾಗ ದೊಡ್ಡದು ಮಾಡಬೇಡಿ, ಕಂಟಿ, ದಂಡೆ ಎಲ್ಲಾ ಸೇರುವ ಹಾಗೆ ತೆಗೆಯಿರಿ.

ಒಣಗಿದ ಹಿಕ್ಕೆ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಅದರ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹತ್ತಿರದಿಂದ, ಬೆಳಕಿನಲ್ಲಿ ಎರಡು ಮೂರು ಫೋಟೊ ತೆಗೆಯಿರಿ. ಹಿಕ್ಕೆ ಅಲ್ಲೇ ಇರಲಿ, ಅದು ಅವುಗಳ ಗುರುತು. ಫೋಟೊಗೆ ತಾರೀಖು ಹಾಕಿ ಹುಡುಗನ ಕೈಯಿಂದಲೇ ನನಗೆ ಕಳಿಸಿ. ಹುರುಪೆ ನೋಡಿ ಅವು ಯಾವ ಮೀನು ತಿಂದಿವೆ ಅಂತ ಅವನಿಗೇ ಬರೆದು ತಿಳಿಸುತ್ತೇನೆ.